ಚಂದಾ ಕೇಳದ ದನಿ

ಈಗ ಮನೆಮನೆಗಳಲ್ಲಿ ಒಂದು ಹೊಸ ಲೆಕ್ಕ ಸೇರಿಕೊಂಡಿದೆ. ಹಾಲಿನ ಲೆಕ್ಕ, ಪೇಪರಿನ ಲೆಕ್ಕ, ಗ್ಯಾಸಿನ ಲೆಕ್ಕ, ಮಕ್ಕಳ ಟ್ಯೂಷನ್ನಿನ ಲೆಕ್ಕ, ಇವುಗಳ ಸಾಲಿನಲ್ಲಿ ಈಗ ಚಂದಾದ ಲೆಕ್ಕ. ಗಣಪತಿ ಕೂಡಿಸುವ ಹುಡುಗರು ಕೇಳುವ ಚಂದಾ ಅಲ್ಲ ಇದು. ಸಿನಿಮಾ ತೋರಿಸುವ ಕಂಪನಿಗೆ ಒಂದು, ಕ್ರಿಕೆಟ್ ತೋರಿಸುವ ಕಂಪನಿಗೆ ಒಂದು, ಜಾಹೀರಾತಿನ ಕಾಟವಿಲ್ಲದೆ ಹಾಡು ಕೇಳಿಸುವ ಕಂಪನಿಗೆ ಮತ್ತೊಂದು. ಇವೆಲ್ಲವನ್ನೂ ಮನೆಗೆ ತಂದು ಹಾಕುವ ಇಂಟರ್ನೆಟ್ಟಿನವನಿಗೆ ಬೇರೆಯೇ. ಇಷ್ಟೆಲ್ಲ ಇರುವಾಗ ಆಕಾಶವಾಣಿ, ದೂರದರ್ಶನ ಇನ್ನೂ ಯಾಕೆ ಬೇಕು, ಅವನ್ನು ಯಾರು ಕೇಳುತ್ತಾರೆ, ಯಾರು ನೋಡುತ್ತಾರೆ ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ನಮ್ಮ ಮನೆಯಲ್ಲೂ ಎದ್ದಿದೆ.

ಈ ಪ್ರಶ್ನೆಗೆ ಹಳೆಯ ನೆನಪುಗಳನ್ನು ಹರಡಿಕೊಂಡು ಕೂತು ಉತ್ತರ ಹೇಳಬಾರದು ಎಂದು ನನಗನ್ನಿಸುತ್ತದೆ. ರೇಡಿಯೋ ಎಂದ ಕೂಡಲೇ ಅಜ್ಜನ ಮರ್ಫಿ ಪೆಟ್ಟಿಗೆ, ಭಾನುವಾರದ ನಾಟಕ, ಬೆಳಗಿನ ಸಂಸ್ಕೃತ ವಾರ್ತೆ ಎಂದು ಕಣ್ಣು ತುಂಬಿಕೊಳ್ಳುವವರು ನಮ್ಮಲ್ಲಿ ಬಹಳ. ಹಂಬಲ ತಪ್ಪಲ್ಲ, ಆದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಒರಳುಕಲ್ಲನ್ನೂ ನಾವು ಹಂಬಲಿಸುತ್ತೇವೆ. ಅದರಲ್ಲಿ ರುಬ್ಬಿದ ಚಟ್ನಿಯ ರುಚಿಯನ್ನು ಹಾಡಿ ಹೊಗಳುತ್ತೇವೆ. ಹಾಗೆಂದು ಮಿಕ್ಸಿ ಬದಿಗಿಟ್ಟು ದಿನಾ ಒರಳಿನ ಮುಂದೆ ಕೂರುವವರು ಎಷ್ಟು ಮಂದಿ? ಹಾಗಾಗಿ ಕೇಳಬೇಕಾದ್ದು ಇಷ್ಟೇ: ಸಾರ್ವಜನಿಕ ಪ್ರಸಾರ ಎನ್ನುವುದು ಒರಳುಕಲ್ಲಿನ ಹಾಗೆ ಕಾಲ ಮುಗಿದ ವಸ್ತುವೋ, ಊರ ಬಾವಿಯ ಹಾಗೆ ಯಾರ ಮನೆಯಲ್ಲಿ ನಲ್ಲಿ ಬಂದರೂ ಹೂಳು ತೆಗೆಸಿ ಇಟ್ಟುಕೊಳ್ಳಬೇಕಾದ ವಸ್ತುವೋ?

ಮೊದಲು ಈ ಚಂದಾದ ಬಾಗಿಲನ್ನೇ ನೋಡೋಣ. ಒಳಗೆ ಹೋಗಬೇಕಾದರೆ ಅದು ಕೇಳುವುದು ಮೂರು ಸಂಗತಿ. ನಿನ್ನ ಫೋನ್ ನಂಬರು ಯಾವುದು? ಹಣ ಎಲ್ಲಿಂದ ಕಡಿದುಕೊಳ್ಳಲಿ? ನಿನಗೇನು ಇಷ್ಟ? ಈ ಮೂರನೆಯದು ತೀರ ಉಪಚಾರದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ಮೊದಲೆರಡು ಪ್ರಶ್ನೆಗಳಲ್ಲೇ ನಮ್ಮಂಥ ಊರುಗಳ ಅರ್ಧಕ್ಕರ್ಧ ಹೆಂಗಸರು ಹೊಸ್ತಿಲ ಹೊರಗೆ ಉಳಿಯುತ್ತಾರೆ. ನಿಮ್ಮ ಮನೆಯ ಚಂದಾ ಯಾರ ಹೆಸರಿನಲ್ಲಿದೆ, ನೆನಪಿಸಿಕೊಳ್ಳಿ. ಗಂಡನ ಹೆಸರಿನಲ್ಲಿ, ಇಲ್ಲವೇ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗನ ಹೆಸರಿನಲ್ಲಿ. ಪಾಸ್‌ವರ್ಡು ಅವರ ಬಳಿ. ಅವಧಿ ಮುಗಿದು ಪರದೆ ಕಪ್ಪಾದರೆ ಅವರಿಗೆ ಫೋನು ಮಾಡಬೇಕು. ಅವರು ಮೀಟಿಂಗಿನಲ್ಲಿದ್ದರೆ ಕಾಯಬೇಕು.

ಕಂಪ್ಲಿಯಲ್ಲಿರುವ ನಮ್ಮ ನಾದಿನಿಯ ಮನೆಯಲ್ಲಿ ದೊಡ್ಡ ಪರದೆಯ ಟಿ.ವಿ. ಇದೆ. ಆ ಟಿ.ವಿ.ಯೊಳಗೆ ಮಾವನವರಿಗೆ ಒಂದು ಚೌಕ, ಗಂಡನಿಗೆ ಒಂದು ಚೌಕ, ಮಕ್ಕಳಿಗೆ ಗೊಂಬೆಯ ಚಿತ್ರವಿರುವ ಒಂದು ಚೌಕ. ‘ನಿಂದ್ಯಾವುದು ತಂಗಿ?’ ಎಂದು ಕೇಳಿದೆ. ‘ನಂದೇನೈತ್ರಿ ವೈನಿ, ಇವರೆಲ್ಲಾ ಮಲಗಿದ ಮ್ಯಾಲೆ ಯಾವುದರ ಇದ್ರ ಅದನ್ನ ನೋಡ್ತೀನಿ’ ಅಂದಳು. ಬೇಸರದಿಂದ ಹೇಳಿದ ಮಾತಲ್ಲ, ನಗುತ್ತಲೇ ಹೇಳಿದಳು. ಅದೇ ಮನೆಯ ಅಡುಗೆಮನೆಯ ಕಿಟಕಿಯಲ್ಲಿ, ಬೆಂಕಿಪೊಟ್ಟಣದ ಪಕ್ಕ ಇರುವ ಚಿಕ್ಕ ರೇಡಿಯೋ ಮಾತ್ರ ಅವಳದು. ಅದನ್ನು ಅವಳು ಹಚ್ಚಿದರೆ ಹತ್ತುತ್ತದೆ, ಆರಿಸಿದರೆ ಆರುತ್ತದೆ. ನೀನು ಯಾರು ಎಂದು ಅದು ಕೇಳುವುದಿಲ್ಲ.

ಇನ್ನೊಂದು ಮಾತು. ಪರದೆ ಕಣ್ಣು ಕೇಳುತ್ತದೆ, ಕಣ್ಣು ಕೊಟ್ಟರೆ ಕೈ ನಿಲ್ಲುತ್ತದೆ. ರೊಟ್ಟಿ ತಟ್ಟುವವಳಿಗೆ, ಅಕ್ಕಿ ಆರಿಸುವವಳಿಗೆ, ಹೊಲಿಗೆ ಯಂತ್ರದ ಮುಂದೆ ಕೂತವಳಿಗೆ ಬಿಡುವಾಗಿರುವುದು ಕಿವಿ ಒಂದೇ. ಸಂಡೂರಿನ ಲಂಬಾಣಿ ಕಸೂತಿಗೆ ಈಗ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಆ ಸಣ್ಣ ಸಣ್ಣ ಕನ್ನಡಿ ಬಿಲ್ಲೆಗಳನ್ನು ಬಟ್ಟೆಗೆ ಕೂಡಿಸುವ ಕೆಲಸದಲ್ಲಿ ಕಣ್ಣನ್ನು ಅತ್ತಿತ್ತ ಸರಿಸುವ ಹಾಗಿಲ್ಲ. ಅಂಥವರ ದಿನದೊಳಗೆ ಲೋಕ ಬರಬೇಕಾದರೆ ಕಿವಿಯ ದಾರಿಯಿಂದಲೇ ಬರಬೇಕು.

ಈ ದಾರಿಯನ್ನು ನಮಗೆ ಹಾಕಿಕೊಟ್ಟವರು ಯಾರು? ಕನ್ನಡಿಗರಿಗೆ ಇದರಲ್ಲಿ ಒಂದು ಹೆಮ್ಮೆಯ ಪಾಲಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ತಮ್ಮ ಮನೆಯಿಂದಲೇ ಪ್ರಸಾರ ಆರಂಭಿಸಿದರು. ಅವರ ಯಂತ್ರದ ಶಕ್ತಿ ಬರೀ 30 ವ್ಯಾಟ್, ಇಂದು ನಮ್ಮ ಹಜಾರದಲ್ಲಿ ಉರಿಯುವ ದೀಪದಷ್ಟು! ಅದಕ್ಕೆ ‘ಆಕಾಶವಾಣಿ’ ಎಂಬ ಹೆಸರು ಸೂಚಿಸಿದವರು ನಾ. ಕಸ್ತೂರಿಯವರು ಎನ್ನುತ್ತಾರೆ. ಮುಂದೆ ಇಡೀ ದೇಶದ ಬಾನುಲಿಗೆ ಅದೇ ಹೆಸರಾಯಿತು. ಮೈಸೂರಿನ ನಿಲಯ 1955ರಲ್ಲಿ ಬೆಂಗಳೂರಿಗೆ ಹೋಯಿತು. ಅದಕ್ಕೂ ಮೊದಲೇ, 1950ರ ಜನವರಿಯಲ್ಲಿ, ಧಾರವಾಡದ ನಿಲಯ ಹುಟ್ಟಿತ್ತು. ಬೇಂದ್ರೆಯವರು, ಮಲ್ಲಿಕಾರ್ಜುನ ಮನ್ಸೂರರು ಸಲಹೆಗಾರರಾಗಿದ್ದ ನಿಲಯ ಅದು. ಧಾರವಾಡದ ಮಧ್ಯಮ ತರಂಗ ಗುಡ್ಡಬೆಟ್ಟ ಬಳಸಿಕೊಂಡು ನಮ್ಮ ಕಡೆಗೂ ಬರುತ್ತಿತ್ತು. ಹೈಸ್ಕೂಲಿನ ಮೆಟ್ಟಿಲು ಹತ್ತದ ಹೆಂಗಸರು ಮನ್ಸೂರರ ಆಲಾಪವನ್ನು ಗುರುತು ಹಿಡಿಯುತ್ತಿದ್ದರು. ಟಿಕೀಟು ಕೊಂಡು ಕಛೇರಿಗೆ ಹೋದವರಲ್ಲ ಅವರು.

ಆಗಲೂ ಪುಕ್ಕಟೆಯೇನೂ ಇರಲಿಲ್ಲ. ರೇಡಿಯೋ ಇಟ್ಟುಕೊಂಡವರು ವರ್ಷಕ್ಕೊಮ್ಮೆ ಪೋಸ್ಟಾಫೀಸಿಗೆ ಹೋಗಿ ಲೈಸೆನ್ಸ್ ಹಣ ಕಟ್ಟಬೇಕಿತ್ತು. ಅದಕ್ಕೊಂದು ಪುಟ್ಟ ಪುಸ್ತಕವಿತ್ತು. 1980ರ ದಶಕದಲ್ಲಿ ಆ ಪದ್ಧತಿ ಹೋಯಿತು. ಈಗಲೂ ನಾವು ಕಟ್ಟುವ ತೆರಿಗೆಯಿಂದಲೇ ನಿಲಯಗಳು ನಡೆಯುತ್ತವೆ. ಅಂದರೆ ಇದೂ ಒಂದು ಬಗೆಯ ಚಂದಾವೇ. ವ್ಯತ್ಯಾಸ ಎಲ್ಲಿ ಎಂದರೆ, ಈ ಚಂದಾವನ್ನು ಎಲ್ಲರೂ ಸೇರಿ ಕಟ್ಟುತ್ತೇವೆ, ಕಟ್ಟಲಾರದವಳೂ ಕೇಳುತ್ತಾಳೆ. ಕಂಪನಿಯ ಚಂದಾದಲ್ಲಿ ಕಟ್ಟಿದವನಿಗೆ ಮಾತ್ರ ಊಟ. ಇಲ್ಲಿ ಪಂಕ್ತಿ ಎಲ್ಲರಿಗೂ. ಊರ ಬಾವಿ ಎಂದು ಮೇಲೆ ಹೇಳಿದೆನಲ್ಲ, ಆ ಬಾವಿಗೂ ನಮ್ಮ ಊರುಗಳಲ್ಲಿ ಜಾತಿಯ ಕಟ್ಟಳೆ ಇತ್ತು. ಯಾರು ಸೇದಬಹುದು, ಯಾರು ದೂರ ನಿಂತು ಕಾಯಬೇಕು ಎಂಬ ಲೆಕ್ಕವಿತ್ತು. ಗಾಳಿಯಲ್ಲಿ ಬಂದ ದನಿಗೆ ಆ ಕಟ್ಟಳೆ ಹಾಕಲು ಯಾರಿಂದಲೂ ಆಗಲಿಲ್ಲ. ದನಿಯ ಅಲೆಗಳು ಸಾರ್ವಜನಿಕರ ಸ್ವತ್ತು ಎಂದು ಸುಪ್ರೀಂ ಕೋರ್ಟು 1995ರಲ್ಲಿ ಹೇಳಿತು. ಅಡುಗೆಮನೆಯ ಹೆಂಗಸರು ಬಹಳ ಮೊದಲಿನಿಂದಲೂ ಹಾಗೇ ನಡೆದುಕೊಂಡಿದ್ದರು.

ಧಾರವಾಡ, ಬೆಂಗಳೂರುಗಳ ದನಿ ದೂರದ ನೆಂಟರ ದನಿಯಾದರೆ, ಹೊಸಪೇಟೆಯ ಎಫ್.ಎಂ. ನಿಲಯ ಪಕ್ಕದ ಮನೆಯ ದನಿ. 100.5ರಲ್ಲಿ ಬರುವ ಈ ನಿಲಯದ ಅಲೆ ಮಧ್ಯಮ ತರಂಗದಷ್ಟು ದೂರ ಹೋಗುವುದಿಲ್ಲ. ಎಫ್.ಎಂ. ಅಲೆ ಹೆಚ್ಚುಕಡಿಮೆ ನೆಟ್ಟಗೆ ಸಾಗುತ್ತದೆ, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ. ಸಂಡೂರಿನ ಕಣಿವೆಯ ಮೂಲೆಯೊಳಗೆ ಕೂತವರಿಗೆ ಇದು ಗೊತ್ತು. ಆದರೆ ದೂರ ಹೋಗದಿರುವುದೇ ಅದರ ಗುಣ. ದೂರದವರಿಗೆ ಕೇಳದ ದನಿ ದೂರದವರನ್ನು ಮೆಚ್ಚಿಸಲು ಹೋಗಬೇಕಾಗಿಲ್ಲ. ಕಂಪ್ಲಿಯ ಭತ್ತಕ್ಕೆ ಬಿದ್ದ ರೋಗ, ಕಮಲಾಪುರದ ಬಾಳೆತೋಟಕ್ಕೆ ಹೊಡೆದ ಗಾಳಿ, ಸಂಡೂರಿನ ಅದಿರು ಲಾರಿಗಳ ದೂಳಿನಲ್ಲಿ ಓಡಾಡುವ ಶಾಲೆಯ ಮಕ್ಕಳ ಕೆಮ್ಮು, ಕಾಲುವೆಗೆ ಯಾವತ್ತು ನೀರು ಬಿಡುತ್ತಾರೆ ಎಂಬ ಸುದ್ದಿ, ಇವು ಮುಂಬಯಿಯಲ್ಲಿ ಕೂತು ಕಾರ್ಯಕ್ರಮ ಕೊಳ್ಳುವವರಿಗೆ ವಿಷಯವೇ ಅಲ್ಲ. ಅವರ ತಪ್ಪೂ ಅಲ್ಲ. ಅವರ ವ್ಯಾಪಾರವೇ ಬೇರೆ. ಆದರೆ ನಮಗೆ ಬೇರೆ ಬದುಕಿಲ್ಲವಲ್ಲ?

2024ರ ಆಗಸ್ಟ್ 10ರ ರಾತ್ರಿಯನ್ನು ಈ ಭಾಗದವರು ಮರೆತಿಲ್ಲ. ತುಂಬಿ ನಿಂತಿದ್ದ ತುಂಗಭದ್ರೆಯ 33 ಗೇಟುಗಳಲ್ಲಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ಮಿಕ್ಕ ಗೇಟುಗಳ ಮೇಲಿನ ಭಾರ ಇಳಿಸಲು ಅವನ್ನೂ ತೆರೆದು ಹೊಳೆಗೆ ನೀರು ಬಿಡಬೇಕಾಯಿತು. ಆ ರಾತ್ರಿ ನಮ್ಮ ಓಣಿಯಲ್ಲಿ ಎಲ್ಲರ ಫೋನುಗಳೂ ಒಟ್ಟಿಗೆ ಕೂಗತೊಡಗಿದವು. ಒಬ್ಬರ ಫೋನಿನಲ್ಲಿ ಡ್ಯಾಮೇ ಒಡೆದಿತ್ತು. ಇನ್ನೊಬ್ಬರ ಫೋನಿನಲ್ಲಿ ಹಂಪಿ ಮುಳುಗಿತ್ತು. ಮೂರನೆಯವರಿಗೆ ಎಲ್ಲಿಯದೋ ಬೇರೆ ಅಣೆಕಟ್ಟಿನ ಚಿತ್ರ ಬಂದಿತ್ತು. ಕಂಪ್ಲಿಯಲ್ಲಿ ನೆಂಟರಿದ್ದವರ ಸಂಕಟ ಕೇಳಬೇಡಿ. ಡ್ಯಾಮಿನಿಂದ ನೀರು ಜೋರಾಗಿ ಬಿಟ್ಟಾಗಲೆಲ್ಲ ಗಂಗಾವತಿಗೆ ಹೋಗುವ ಸೇತುವೆ ಏನಾಯಿತು ಎಂಬುದೇ ಆ ಊರಿನವರ ಮೊದಲ ಮಾತು. ಬೆಳಗಾಗುವುದನ್ನೇ ಕಾದು ಎದುರುಮನೆಯ ಅಮ್ಮ ಬಾಗಿಲಿಗೆ ಬಂದರು. ‘ಅಕ್ಕಾರ, ರೇಡಿಯೋ ಹಚ್ರಿ. ಈ ಫೋನಿನ್ಯಾಗ ಒಬ್ಬೊಬ್ರು ಒಂದೊಂದು ಅಂತಾರ’ ಎಂದರು. ಪ್ರದೇಶ ಸಮಾಚಾರದ ಹೊತ್ತಿಗೆ ನಮ್ಮ ಹಜಾರದಲ್ಲಿ ಏಳೆಂಟು ಜನ ಸೇರಿದ್ದರು. ಮುಂದೆ ಸುಮಾರು ಒಂದು ವಾರದಲ್ಲಿ, ಹರಿಯುವ ನೀರಿನಲ್ಲೇ ತಾತ್ಕಾಲಿಕ ಗೇಟು ಇಳಿಸಿದ್ದು ಈಗ ಎಲ್ಲರೂ ಬಲ್ಲ ಸಂಗತಿ.

ರೇಡಿಯೋ ಆ ದಿನ ಫೋನಿಗಿಂತ ಬೇಗ ಸುದ್ದಿ ಕೊಟ್ಟಿತು ಎಂದು ನಾನು ಹೇಳುತ್ತಿಲ್ಲ. ಫೋನೇ ಬೇಗ. ಆದರೆ ಎದುರುಮನೆಯ ಅಮ್ಮ ಹುಡುಕಿ ಬಂದದ್ದು ವೇಗವನ್ನಲ್ಲ. ಒಂದು ಮಾತನ್ನು ಆಡಿ, ಆಡಿದ್ದಕ್ಕೆ ಜವಾಬು ಕೊಡಬೇಕಾದ ದನಿಯನ್ನು. ಆ ಮಾತು ಆ ಗಳಿಗೆಯಲ್ಲಿ ಎಲ್ಲರಿಗೂ ಒಂದೇ ಆಗಿರುತ್ತದೆ. ಅವರಿಗೊಂದು ನಿಮಗೊಂದು ಆಗಿರುವುದಿಲ್ಲ. ನಮಗೇನು ಇಷ್ಟ ಎಂದು ಕೇಳಿ ಅದನ್ನೇ ಬಡಿಸುವ ಯಂತ್ರ ಹೆದರಿದವರಿಗೆ ಹೆದರಿಕೆಯನ್ನೇ ಹೆಚ್ಚು ಬಡಿಸುತ್ತದೆ. ಸಾರ್ವಜನಿಕ ಪ್ರಸಾರದ ಬೆಲೆ ಇಲ್ಲಿದೆ ಎಂದು ನನ್ನ ತಿಳಿವಳಿಕೆ. ಅದು ನಮ್ಮನ್ನು ಗಿರಾಕಿಗಳೆಂದು ಒಬ್ಬೊಬ್ಬರನ್ನಾಗಿ ಬಿಡಿಸದೆ ಊರೆಂದು ಒಟ್ಟಿಗೆ ಮಾತನಾಡಿಸುತ್ತದೆ.

ಸರ್ಕಾರಕ್ಕೂ ಇದು ಗೊತ್ತಿಲ್ಲದ ಸಂಗತಿಯಲ್ಲ. ಫೋನುಗಳಲ್ಲಿ ಎಫ್.ಎಂ. ರೇಡಿಯೋ ತೆಗೆದುಹಾಕಬೇಡಿ, ಅದು ವಿಪತ್ತಿನ ಕಾಲಕ್ಕೆ ಬೇಕು ಎಂದು ಕೇಂದ್ರ ಸರ್ಕಾರ 2023ರಲ್ಲಿ ಫೋನು ತಯಾರಿಸುವವರಿಗೆ ಸಲಹೆ ನೀಡಿತು. ಹಳೆಯ ಅಗ್ಗದ ಫೋನುಗಳಲ್ಲಿ ಇಯರ್‌ಫೋನಿನ ತಂತಿಯೇ ಏರಿಯಲ್ ಆಗಿ ರೇಡಿಯೋ ಕೇಳುತ್ತಿತ್ತು, ಡೇಟಾ ಬೇಕಿರಲಿಲ್ಲ. ಬೆಲೆಬಾಳುವ ಹೊಸ ಫೋನುಗಳು ಹಲವಕ್ಕೆ ಆ ಶಕ್ತಿ ಇಲ್ಲ. ಟವರು ಬಿದ್ದ ದಿನ ಅವು ಬರೀ ಕನ್ನಡಿ.

ಇನ್ನೊಂದು ನಿದರ್ಶನ ಕೊರೋನಾ ಕಾಲದ್ದು. 2020ರಲ್ಲಿ ಶಾಲೆಗಳ ಬಾಗಿಲು ಹಾಕಿದಾಗ ಪಾಠ ಫೋನಿಗೆ ಬಂತು. ಒಂದು ಫೋನು, ಮೂರು ಮಕ್ಕಳು ಇರುವ ಮನೆಗಳಲ್ಲಿ ಯಾರ ಪಾಠ ಮೊದಲು? ತಾಯಂದಿರೇ ಉತ್ತರ ಹೇಳಬೇಕು. ಬಹಳ ಕಡೆ ಗಂಡುಹುಡುಗನ ಪಾಠ ಮೊದಲಾಯಿತು. ಆ ಜುಲೈ 20ರಿಂದ ದೂರದರ್ಶನದ ಚಂದನದಲ್ಲಿ ಎಂಟರಿಂದ ಹತ್ತನೇ ತರಗತಿಯವರಿಗೆ ‘ಸಂವೇದ’ ಪಾಠಗಳು ಆರಂಭವಾದವು. ಪಾಠಗಳಲ್ಲಿ ಕೊರತೆಗಳಿದ್ದವು. ಪ್ರಶ್ನೆ ಕೇಳಿದರೆ ಉತ್ತರಿಸುವ ಮೇಷ್ಟರು ಪೆಟ್ಟಿಗೆಯೊಳಗೆ ಇರಲಾರರಲ್ಲ. ಆದರೂ ಮೂರನೆಯ ಮಗಳಿಗೂ ಒಂದು ಪಾಠ ಸಿಕ್ಕಿತು. ಅದನ್ನು ನೋಡಲು ಅವಳು ಅಣ್ಣನನ್ನು ಬೇಡಬೇಕಾಗಲಿಲ್ಲ. ಈ ಒಂದು ಕೆಲಸಕ್ಕಾಗಿಯೇ ಚಂದನಕ್ಕೆ ನಾವು ಋಣಿಯಾಗಿರಬೇಕು.

ಚಂದನದ ಮಾತು ಬಂತು. ಅಲ್ಲಿ 2002ರಿಂದ ಬರುತ್ತಿರುವ ‘ಥಟ್ ಅಂತ ಹೇಳಿ’ ಕಾರ್ಯಕ್ರಮವನ್ನು ಡಾ. ನಾ. ಸೋಮೇಶ್ವರ ಅವರು ಸಾವಿರಾರು ಕಂತು ನಡೆಸಿದ್ದಾರೆ. ಗೆದ್ದವರಿಗೆ ಕೊಡುವುದು ಪುಸ್ತಕ. ಕೋಟಿ ರೂಪಾಯಿಯ ಪ್ರಶ್ನೆ ಕೇಳುವ ಕಾಲದಲ್ಲಿ ಪುಸ್ತಕ ಕೊಟ್ಟು ಕಳಿಸುವ ಧೈರ್ಯ ಲಾಭದ ಲೆಕ್ಕ ಇಟ್ಟುಕೊಂಡವರಿಗೆ ಬಂದೀತೆ? ಆರ್.ಕೆ. ನಾರಾಯಣರ ಕಥೆಗಳನ್ನು ಶಂಕರ್‌ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಮೊದಲು ಮನೆಮನೆಗೆ ಬಂದದ್ದೂ 1980ರ ದಶಕದ ದೂರದರ್ಶನದಿಂದಲೇ.

ಚಂದಾದ ಅಂಗಡಿಗಳು ಕನ್ನಡಕ್ಕೆ ಏನು ಕೊಟ್ಟಿವೆ ಎಂದು ಹೋಲಿಸಿ ನೋಡಿ. ರಕ್ಷಿತ್ ಶೆಟ್ಟಿಯವರಂಥ ಹೆಸರಾಂತ ನಟರ ಬೆಂಬಲದಿಂದ ತಯಾರಾದ, ಕರಾವಳಿಯ ಕಥೆಗಳ ‘ಏಕಂ’ ಸರಣಿಯನ್ನು ಯಾವ ದೊಡ್ಡ ಕಂಪನಿಯೂ ಕೊಳ್ಳಲಿಲ್ಲ. ಕೊನೆಗೆ 2024ರ ಜುಲೈನಲ್ಲಿ ಅವರೇ ಒಂದು ಜಾಲತಾಣ ಮಾಡಿಕೊಂಡು ಬಿಡುಗಡೆ ಮಾಡಬೇಕಾಯಿತು. ಹೆಸರಿದ್ದವರಿಗೆ, ಹಣವಿದ್ದವರಿಗೆ, ಉಡುಪಿಯ ಕನ್ನಡಕ್ಕೆ ಬಾಗಿಲು ತೆರೆಯದಿದ್ದರೆ ದರೋಜಿಯ ಕನ್ನಡಕ್ಕೆ ಯಾರು ತೆರೆಯುತ್ತಾರೆ?

ದರೋಜಿ ಎಂದೊಡನೆ ಹೊರಗಿನವರು ಕರಡಿಧಾಮ ಎನ್ನುತ್ತಾರೆ. ನಮಗೆ ಅದು ಬುರ್ರಕಥಾ ಈರಮ್ಮನವರ ಊರು. ಸಂಡೂರು ತಾಲ್ಲೂಕಿನ ಆ ಊರಿನ ಅಲೆಮಾರಿ ಸಮುದಾಯದಲ್ಲಿ ಹುಟ್ಟಿದ ಈರಮ್ಮನಿಗೆ ಓದುಬರಹ ಇರಲಿಲ್ಲ. ಆದರೆ ಕುಮಾರರಾಮನ ಕಥೆಯೂ ಸೇರಿದಂತೆ ರಾತ್ರಿಗಟ್ಟಲೆ ಹಾಡುವ ಹಲವು ಕಾವ್ಯಗಳು ಅವರ ನಾಲಗೆಯ ಮೇಲಿದ್ದವು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವರ ಕಾವ್ಯಗಳನ್ನು ಬರೆಯಿಸಿ ಅಚ್ಚು ಹಾಕಿತು, ನಾಡೋಜ ಗೌರವ ನೀಡಿತು. 2014ರ ಆಗಸ್ಟಿನಲ್ಲಿ ಅವರು ತೀರಿಕೊಂಡರು. ಇಂಥವರ ಹಾಡಿಗೆ ಎಷ್ಟು ಜನ ಚಂದಾದಾರರು ಬರುತ್ತಾರೆ ಎಂದು ಯಾವ ಕಂಪನಿಯ ಮುಂದೆ ಲೆಕ್ಕ ಒಪ್ಪಿಸಲು ಸಾಧ್ಯ? ಮೂರು ನಿಮಿಷದ ತುಣುಕಾಗಿ ಕತ್ತರಿಸಿದರೆ ಅದು ಬುರ್ರಕಥೆಯಾಗಿ ಉಳಿಯುವುದಿಲ್ಲ. ರಾತ್ರಿಯುದ್ದದ ಕಥೆಯನ್ನು ಕಂತುಕಂತಾಗಿ, ವಾರಕ್ಕೊಂದರಂತೆ, ಲಾಭ ನೋಡದೆ ಕೇಳಿಸಬಲ್ಲದ್ದು ಸಾರ್ವಜನಿಕ ನಿಲಯ ಮಾತ್ರ. ದೂರದವರು ತೆಗೆದ ಚಿತ್ರಗಳಲ್ಲಿ ನಮ್ಮ ಹಂಪಿಯನ್ನು ನೋಡಿದ್ದೀರಲ್ಲ? ಆಕಾಶದಿಂದ ಕಾಣುವ ಕಲ್ಲಿನ ರಥ, ಸಂಜೆಯ ಬಿಸಿಲು, ಗಂಭೀರ ಇಂಗ್ಲಿಷ್ ದನಿ. ಅಲ್ಲಿ ಮನುಷ್ಯರೇ ಇಲ್ಲ. ಇದ್ದರೂ ಮಾತಾಡುವುದಿಲ್ಲ. ರೇಡಿಯೋದ ಹಂಪಿಯಲ್ಲಿ ಕಲ್ಲು ಕಾಣಿಸುವುದಿಲ್ಲ, ಆದ್ದರಿಂದ ಮನುಷ್ಯರು ಮಾತಾಡಲೇಬೇಕು.

ಇಷ್ಟು ಹೇಳಿದ ಮೇಲೆ ಸಾರ್ವಜನಿಕ ಪ್ರಸಾರದ ತಪ್ಪುಗಳನ್ನು ಮುಚ್ಚಿಟ್ಟರೆ ಅದು ಹೊಗಳಿಕೆಯಾದೀತು, ವಿಮರ್ಶೆಯಾಗದು. ಅದರ ದೊಡ್ಡ ರೋಗ ಹಳೆಯದು. ಸಾರ್ವಜನಿಕ ಎಂಬ ಮಾತನ್ನು ಸರ್ಕಾರಿ ಎಂದು ಓದಿಕೊಳ್ಳುವುದು. 1975ರ ತುರ್ತುಪರಿಸ್ಥಿತಿಯಲ್ಲಿ ಆಕಾಶವಾಣಿ ಆಳುವವರ ತುತ್ತೂರಿಯಾಯಿತು. ಅದಾದ ಮೇಲೆ ವರ್ಗೀಸ್ ಸಮಿತಿ 1978ರಲ್ಲಿ ಅದಕ್ಕೆ ಸ್ವಾತಂತ್ರ್ಯ ಬೇಕೆಂದು ಬರೆಯಿತು. ಪ್ರಸಾರ ಭಾರತಿ ಕಾಯಿದೆ 1990ರಲ್ಲಿ ಆಯಿತು. ಅದು ಜಾರಿಗೆ ಬರಲು 1997ರವರೆಗೆ ಕಾಯಬೇಕಾಯಿತು. ಕಾಯಿದೆ ಬಂದರೂ ಹಣದ ಥೈಲಿ ಸರ್ಕಾರದ ಕೈಯಲ್ಲೇ ಉಳಿಯಿತು. ಥೈಲಿ ಹಿಡಿದವರ ಮುಖ ನೋಡಿ ಮಾತಾಡುವ ಅಭ್ಯಾಸವೂ ಉಳಿಯಿತು. ಯಾವ ಪಕ್ಷ ಬಂದರೂ ಅಷ್ಟೇ. ಉದ್ಘಾಟನೆಯ ಸುದ್ದಿಗೆ ಸಿಗುವ ನಿಮಿಷಗಳು ನಲ್ಲಿಯಲ್ಲಿ ನೀರು ಬಾರದ ಸುದ್ದಿಗೆ ಸಿಗುವುದಿಲ್ಲ.

ಎರಡನೆಯದು ಒಣಗಿದ ಮಾತು. ಮಹಿಳೆಯರಿಗಾಗಿ ಎಂದೊಡನೆ ಸೌತೆಕಾಯಿಯ ಲೇಪ, ಗರ್ಭಿಣಿಯರ ಆಹಾರ, ಹಬ್ಬದ ಸಿಹಿ ಎಂಬ ಮೂರು ಗೂಟಗಳ ನಡುವೆಯೇ ಸುತ್ತುವ ಪರಿಪಾಠ ನಮ್ಮ ಬಾನುಲಿಗೆ ಬಹಳ ಕಾಲದಿಂದ ಅಂಟಿಕೊಂಡಿದೆ. ಆಸ್ತಿಯ ಹಕ್ಕು, ಗಣಿಯ ಊರಿನಲ್ಲಿ ವಿಧವೆಯಾದವಳ ಪಾಡು, ಸ್ವಸಹಾಯ ಸಂಘದ ಸಾಲ ತೀರಿಸಲಾಗದ ಸಂಕಟ, ಇವೂ ಹೆಂಗಸರ ವಿಷಯಗಳೇ. ಈ ವಿಚಾರದಲ್ಲಿ ಚಂದಾದ ಪರದೆಗೂ ನ್ಯಾಯ ಸಲ್ಲಿಸಬೇಕು. ಅತ್ತೆ ಸೊಸೆ ವಿಷ ಹಾಕಿಕೊಳ್ಳುವ ಧಾರಾವಾಹಿಗಳ ಆಚೆ, ಗಂಡನನ್ನು ಬಿಟ್ಟು ಬದುಕು ಕಟ್ಟಿಕೊಂಡವಳ ಕಥೆ, ವಯಸ್ಸಾದವಳ ಒಂಟಿತನದ ಕಥೆ ಅಲ್ಲಿ ಬಂದಿವೆ. ದೂರದ ದೇಶಗಳ ಹೆಂಗಸರ ಮನಸ್ಸು ನಮಗೆ ಅರ್ಥವಾಗುವಂತೆ ಬಂದಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ನಾದಿನಿ ನೋಡುವುದು ಅಂಥವನ್ನೇ. ಸರ್ಕಾರಿ ದನಿಗೆ ಅಂಥ ಧೈರ್ಯ ಎಂದು ಬಂದೀತು ಎಂದು ಕೇಳುವ ಹಕ್ಕು ಅವಳಿಗೂ ಇದೆ, ನಮಗೂ ಇದೆ.

ಮೂರನೆಯದು ನನಗೆ ಎಲ್ಲಕ್ಕಿಂತ ಆತಂಕದ್ದು. ಊರಿನ ನಿಲಯಗಳು ಸ್ವಂತ ದನಿ ಕಳೆದುಕೊಂಡು ರಾಜಧಾನಿಯ ದನಿಯನ್ನು ದಾಟಿಸುವ ಕೊಳವೆಗಳಾದರೆ? ಹೇಗೂ ಒಂದೇ ಕಾರ್ಯಕ್ರಮ ಎಲ್ಲ ಕಡೆ ಹಾಕಿದರೆ ಖರ್ಚು ಉಳಿಯುತ್ತದೆ ಎಂಬುದು ಕಚೇರಿಯ ಲೆಕ್ಕ. ಆ ಲೆಕ್ಕ ತಪ್ಪೇನಲ್ಲ. ಒಂದೇ ಅಡುಗೆಮನೆಯಿಂದ ಇಡೀ ಜಿಲ್ಲೆಗೆ ಊಟ ಕಳಿಸಿದರೂ ಖರ್ಚು ಉಳಿಯುತ್ತದೆ. ಆದರೆ ಹೊಸಪೇಟೆಯ ಗೋಪುರದಿಂದ ಬೆಂಗಳೂರಿನ ಮಾತೇ ಬರುವುದಾದರೆ, ಅದಕ್ಕೆ ಚಂದಾದ ಅಂಗಡಿಗಳೇ ಸಾಕು. ಅವು ಅದೇ ಕೆಲಸವನ್ನು ಇನ್ನೂ ಚೆಂದವಾಗಿ ಮಾಡುತ್ತವೆ. ಸಾರ್ವಜನಿಕ ನಿಲಯವನ್ನು ಅಳೆಯಬೇಕಾದ ಅಳತೆಗೋಲು ಕೇಳುಗರ ಸಂಖ್ಯೆಯೊಂದೇ ಅಲ್ಲ. ಬೇರೆ ಯಾರೂ ಮಾತಾಡಿಸದವರನ್ನು ಇದು ಎಷ್ಟು ಮಾತಾಡಿಸಿತು ಎಂಬುದು. ಈ ಕೋಲಿನಿಂದ ಅಳೆದರೆ ಊರಿನ ಒಂದು ಗಂಟೆ ರಾಜಧಾನಿಯ ಹತ್ತು ಗಂಟೆಗಿಂತ ತೂಕದ್ದು.

ಪ್ರಸಾರ ಭಾರತಿಯೂ ಕಾಲಕ್ಕೆ ತಕ್ಕಂತೆ ಹೆಜ್ಜೆ ಹಾಕುತ್ತಿದೆ. ಆಕಾಶವಾಣಿಯ ನಿಲಯಗಳನ್ನು ಫೋನಿನಲ್ಲಿ ಎಲ್ಲಿಂದ ಬೇಕಾದರೂ ಕೇಳಬಹುದು. 2024ರ ನವೆಂಬರಿನಲ್ಲಿ ‘ವೇವ್ಸ್’ ಎಂಬ ತನ್ನದೇ ಪರದೆಯನ್ನೂ ಅದು ತೆರೆಯಿತು. ದುಬೈಯಲ್ಲಿರುವ ಮಗಳು ತವರಿನ ಊರಿನ ದನಿ ಕೇಳುವಂತಾದರೆ ಸಂತೋಷವೇ. ಆದರೆ ಫೋನಿನಲ್ಲಿ ಸಿಗುತ್ತದಲ್ಲ ಎಂಬ ನೆವದಿಂದ ಗೋಪುರದ ದೀಪ ಆರಿಸಬಾರದು. ಫೋನಿಗೆ ಬಂದ ದನಿ ಮತ್ತೆ ನಂಬರು, ಡೇಟಾ, ಚಾರ್ಜು ಎಂಬ ಬಾಗಿಲುಗಳ ಹಿಂದೆ ಹೋಗುತ್ತದೆ. ಕಿಟಕಿಯ ಮೇಲಿನ ರೇಡಿಯೋಕ್ಕೆ ಎರಡು ಸೆಲ್ಲು ಸಾಕು.

ಹಾಗಾದರೆ ನಾವೇನು ಮಾಡಬೇಕು? ಚಂದಾ ಬಿಡಿ ಎಂದು ನಾನು ಹೇಳಲಾರೆ, ನಮ್ಮ ಮನೆಯಲ್ಲೂ ಬಿಟ್ಟಿಲ್ಲ. ಆದರೆ ನಮ್ಮದೇ ಹಣದಿಂದ ನಡೆಯುವ ದನಿಯನ್ನು ನಾವು ಕೇಳದೆ, ಅದು ಚೆನ್ನಾಗಿಲ್ಲ ಎಂದು ಮೂಗು ಮುರಿಯುವುದು ಮಾತ್ರ ಸರಿಯಲ್ಲ. ಹಾಲಿಗೆ ನೀರು ಬೆರೆತರೆ ಹಾಲಿನವನನ್ನು ನಿಲ್ಲಿಸಿ ಕೇಳುತ್ತೇವೆ. ನಿಲಯಕ್ಕೆ ಒಂದು ಕಾರ್ಡು ಬರೆದು ಹಾಗೆಯೇ ಕೇಳಬಾರದೇಕೆ? ಕಳೆದ ವಾರದ ಭಾಷಣ ಅರ್ಥವಾಗಲಿಲ್ಲ ಎಂದು ಬರೆಯೋಣ. ಕಂಪ್ಲಿಯ ನಾಟಿ ಹಾಡಿನ ಹೆಂಗಸರನ್ನು ಕರೆಸಿ ಎಂದು ಬರೆಯೋಣ. ಆಸ್ತಿಯ ಕಾನೂನನ್ನು ನಮ್ಮ ಮಾತಿನಲ್ಲಿ ವಕೀಲರಿಂದ ಹೇಳಿಸಿ ಎಂದು ಬರೆಯೋಣ. ಮಹಿಳಾ ಮಂಡಳದ ಸಭೆಯಲ್ಲಿ ಹದಿನೈದು ನಿಮಿಷ ಇದಕ್ಕಿಡೋಣ. ಒಬ್ಬಳು ಬರೆದರೆ ಅದು ದೂರು, ಐವತ್ತು ಜನ ಬರೆದರೆ ಅದು ಬೇಡಿಕೆ. ಕೇಳುವವರೇ ಇಲ್ಲ ಎಂಬ ಕಾರಣ ಹೇಳಿ ಬಾಗಿಲು ಹಾಕಲು ಹೊರಟವರ ಮುಂದೆ ಆ ಐವತ್ತು ಕಾರ್ಡುಗಳೇ ನಮ್ಮ ಸಾಕ್ಷಿ.

ಕಂಪನಿಗಳು ಇರುತ್ತವೆ, ಹೋಗುತ್ತವೆ, ಒಂದನ್ನೊಂದು ಕೊಂಡುಕೊಳ್ಳುತ್ತವೆ. ನಿನ್ನೆ ಇದ್ದ ಸಿನಿಮಾ ಇಂದು ಅವುಗಳ ಪಟ್ಟಿಯಲ್ಲಿ ಇರುವುದಿಲ್ಲ. ಕೇಳಿದರೆ ಕರಾರು ಮುಗಿಯಿತು ಎನ್ನುತ್ತವೆ. ಊರಿನೊಡನೆ ಅವು ಮಾಡಿಕೊಂಡ ಕರಾರು ಯಾವುದೂ ಇಲ್ಲ. ಸಾರ್ವಜನಿಕ ನಿಲಯಕ್ಕೆ ಇರುವುದು ಆ ಒಂದೇ ಕರಾರು. ಅದರ ಇನ್ನೊಂದು ಬದಿಯಲ್ಲಿ ರುಜು ಹಾಕಬೇಕಾದವರು ನಾವು.